ಉಂಡ್ರೇನು ಎಂದು ಕೇಳುವವರು

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಿಂದ ಮೊದಲು ಹಾರಿದ್ದು ನಮ್ಮ ಕಲಬುರಗಿಯ ವಿಮಾನ. 2023ರ ಜನವರಿ 15, ಸ್ಟಾರ್ ಏರ್. ಲಂಡನ್, ದುಬೈಗಳಿಗಿಂತ ಮೊದಲು ತೊಗರಿ ನಾಡಿಗೆ ಆ ಬಾಗಿಲು ತೆರೆಯಿತೆಂಬ ಹೆಮ್ಮೆ ನನಗೆ ಈಗಲೂ ಇದೆ. ಬೆಂಗಳೂರಿನಲ್ಲಿ ಮನೆ ಮಾಡಿದ್ದರೂ ನಾನು ಶರಣಬಸವೇಶ್ವರರ ಗುಡಿಯ ದಾಸೋಹದಲ್ಲಿ ಉಂಡು ಬೆಳೆದವಳು. ಹಾಗಾಗಿ ಈ ಟರ್ಮಿನಲ್‌ನ ಒಳಿತು ಕೆಡುಕು ನೋಡುವಾಗ ದಾಸೋಹದ ಕಣ್ಣಿನಿಂದಲೇ ನೋಡುತ್ತೇನೆ. ದಾರಿಹೋಕರಿಗೆ ಊರು ಏನು ಕೊಡಬೇಕು? ದುಡ್ಡು ತೆಗೆದುಕೊಂಡು ಮಾಡಿದ ಸತ್ಕಾರ ಸತ್ಕಾರವಾಗುತ್ತದೆಯೇ?

ಒಳಗೆ ಕಾಲಿಟ್ಟರೆ ತಲೆಯ ಮೇಲೆ ಬಿದಿರು, ಸೂರಿನಿಂದ ಇಳಿಬಿದ್ದ ಗಂಟೆಯಾಕಾರದ ಕುಂಡಗಳ ತುಂಬ ಗಿಡಬಳ್ಳಿ, ಒಂದೆಡೆ ಧುಮುಕುವ ನೀರು. ವಿಮಾನ ಹತ್ತುವ ಗೇಟು ಸೇರಲು ನಡುವಿನ ಒಂದು ಹಸಿರು ಪಟ್ಟಿಯನ್ನು ದಾಟಿಯೇ ಹೋಗಬೇಕು. ಆತಂಕದಲ್ಲಿ ಬಂದವರ ಉಸಿರು ಅಲ್ಲಿ ತಾನಾಗಿ ನಿಧಾನವಾಗುತ್ತದೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಸಂಗತಿ ಇನ್ನೊಂದಿದೆ. ಲೌಂಜಿನ ಬಾಗಿಲು ಕಾರ್ಡು ಕೇಳುತ್ತದೆ, ನಿಜ. ಆದರೆ ಆ ಬಿದಿರು, ಆ ಬೆಳಕು ಯಾರ ಟಿಕೆಟ್ಟಿನ ಬೆಲೆಯನ್ನೂ ಕೇಳುವುದಿಲ್ಲ. ಚೆಲುವನ್ನು ಪಂಕ್ತಿಭೇದವಿಲ್ಲದೆ ಬಡಿಸಿದ್ದಾರೆ. ಕಟ್ಟಿದವರಿಗೆ ಆ ಉದ್ದೇಶ ಇತ್ತೋ ಇಲ್ಲವೋ, ಅದು ಧರ್ಮದ ಕೆಲಸವೇ.

ಆದರೆ ಈ ಚೆಲುವು ನಮ್ಮ ಪಾಲಿಗೆ ಬರುವುದು ವಿಮಾನ ಕಂಪನಿಯ ಮೂಲಕ. ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಲ್ಲಿವೆ. ಏರ್ ಇಂಡಿಯಾದ ದೇಶೀಯ ವಿಮಾನಗಳೂ ಅಲ್ಲೇ. ಆದರೆ ಇಂಡಿಗೋದ ದೇಶೀಯ ವಿಮಾನಗಳು 2008ರ ಹಳೆಯ ಟರ್ಮಿನಲ್‌ನಲ್ಲಿವೆ. ಹುಬ್ಬಳ್ಳಿಯಿಂದ ಇಂಡಿಗೋದಲ್ಲಿ ಬಂದು ವಿದೇಶಕ್ಕೆ ಹೋಗುವವರು ಗಂಟು ಮೂಟೆ ಹೊತ್ತು ಹೊರಗೆ ಬಂದು ಬಸ್ಸು ಹತ್ತಬೇಕು. ಹಾಗೆಂದು ಹಳೆಯದನ್ನು ಹೀಗಳೆಯಲಾರೆ. ಅಲ್ಲಿ ನಡೆಯುವ ದೂರ ಕಡಿಮೆ, ಮಂಡಿನೋವಿನ ನಮ್ಮವ್ವನಂಥವರಿಗೆ ಅದೇ ಸುಖ.

ಅವ್ವ ಹೊಸ ಟರ್ಮಿನಲ್‌ ಅನ್ನು ಕಣ್ತುಂಬ ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕೂತು ಕೇಳಿದಳು: “ಇಷ್ಟ್ ಛಂದ ಮನಿ ಕಟ್ಯಾರ, ಉಂಡ್ರೇನಂತ ಕೇಳವ್ರು ಒಬ್ರೂ ಇಲ್ಲಲ್ಲ. ಯಾರ್ ಮನಿ ಇದು?”

ಈ ಮಾತು ದೇಶದ ಯಾವ ವಿಮಾನ ನಿಲ್ದಾಣಕ್ಕೂ ಸಲ್ಲುತ್ತದೆ. ಯಾರ ಮನೆ ಇದು? ಖಾಸಗಿ ಕಂಪನಿ ಕಟ್ಟಿತು, ಸಾಲ ತೀರಿಸಬೇಕು, ಅದು ಅನ್ನಛತ್ರವಲ್ಲ ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ದೇವನಹಳ್ಳಿ ಬಳಿಯ ಸುಮಾರು 4,000 ಎಕರೆ ನೆಲ ಸರ್ಕಾರ ಕೊಟ್ಟದ್ದು. ಕಂಪನಿಯಲ್ಲಿ ಕರ್ನಾಟಕ ಸರ್ಕಾರದ ಪಾಲು ಶೇ 13, ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು ಶೇ 13. ಸಾಲದ್ದಕ್ಕೆ ಪ್ರತಿ ಟಿಕೆಟ್ಟಿನಲ್ಲೂ ಬಳಕೆದಾರರ ಅಭಿವೃದ್ಧಿ ಶುಲ್ಕ ಸೇರಿರುತ್ತದೆ. ಅಂದಮೇಲೆ ಪ್ರಯಾಣಿಕರು ಬರಿಯ ಗಿರಾಕಿಗಳಲ್ಲ, ಮನೆಯ ಪಾಲುದಾರರು. ಅವ್ವನ ಪ್ರಶ್ನೆಗೆ ನನ್ನ ಉತ್ತರ: ಇದು ನಿನ್ನ ಮನೆಯೂ ಹೌದು.

ಶರಣಬಸವೇಶ್ವರರು ತಮ್ಮ ಹೊಲದ ಜೋಳವನ್ನು ಹಕ್ಕಿಗಳಿಗೆ ಬಿಟ್ಟು, ಅವು ಕುಡಿಯಲೆಂದು ನೀರನ್ನೂ ಇಟ್ಟರೆಂದು ನಮ್ಮ ಕಡೆ ಹೇಳುತ್ತಾರೆ. ತೆನೆಯನ್ನು ತಾನೇ ತಿನ್ನುವ ಹಕ್ಕಿಗೆ ನೀರನ್ನೂ ಇಡುವ ಆ ಮನಸ್ಸಿನಲ್ಲಿ ದಾಸೋಹದ ಸಾರವೆಲ್ಲ ಇದೆ. ಬಂದವರು ಕೇಳುವುದಕ್ಕಿಂತ ಮೊದಲೇ ಅವರ ಬಾಯಾರಿಕೆ ನೀಡುವವರಿಗೆ ತಿಳಿಯಬೇಕು. ಪಡೆದವರು ಕುಗ್ಗಬಾರದು, ಕೊಟ್ಟವರು ಬೀಗಬಾರದು. ಬೆಂಗಳೂರಿಗೆ ಇದು ಹೊರಗಿನಿಂದ ಬಂದ ಪಾಠವಲ್ಲ. ಜನರು ದೂರದೂರಿಂದ ಬಂದಿಳಿಯುತ್ತಿದ್ದ ರೈಲು ನಿಲ್ದಾಣದ ಎದುರಿಗೇ ಗುಬ್ಬಿ ತೋಟದಪ್ಪನವರು ಛತ್ರ ಕಟ್ಟಿಸಿದ್ದು ಇದೇ ಅರಿವಿನಿಂದ. ವ್ಯಾಪಾರಿಯಾಗಿದ್ದ ಅವರಿಗೆ ಲೆಕ್ಕ ಗೊತ್ತಿರಲಿಲ್ಲವೇ? ಮೊದಲು ಕೇಳಿದ ಪ್ರಶ್ನೆಗೆ ಮರಳಿದರೆ, ಸತ್ಕಾರಕ್ಕೆ ಹಣ ಪಡೆದರೆ ಅದೇನೂ ಕೆಡುವುದಿಲ್ಲ ಎಂಬುದು ನನ್ನ ನಿಲುವು. ಹಣವಿಲ್ಲದವರನ್ನು ಲೆಕ್ಕದಿಂದ ಬಿಟ್ಟಾಗ ಅದು ಕೆಡುತ್ತದೆ.

ವಿಮಾನ ನಿಲ್ದಾಣದಲ್ಲಿ ಹೀಗೆ ಲೆಕ್ಕದಿಂದ ಬಿಟ್ಟುಹೋದವರು ಕಳಿಸಲು ಬಂದವರು. ಸೇಡಂನಿಂದಲೋ ಅಫಜಲಪುರದಿಂದಲೋ ರಾತ್ರಿಯೆಲ್ಲ ಪ್ರಯಾಣ ಮಾಡಿ, ಗಲ್ಫಿಗೆ ಹೊರಟ ಮಗನನ್ನು ಬೀಳ್ಕೊಡಲು ಬಂದ ತಾಯಿಗೆ ಟಿಕೆಟ್ ಇಲ್ಲ. ಭದ್ರತೆಯ ನಿಯಮದಂತೆ ಅವಳು ಬಾಗಿಲಲ್ಲೇ ನಿಲ್ಲಬೇಕು. ನಿಯಮಕ್ಕೆ ಕಾರಣವಿದೆ, ಒಪ್ಪುತ್ತೇನೆ. ಆದರೆ ಬೀಳ್ಕೊಡುವುದು ನಮ್ಮಲ್ಲಿ ಒಂದು ಸಂಸ್ಕಾರ. ಬಾಯಿಗೆ ಸಕ್ಕರೆ ಹಾಕಿ, ತಲೆ ಸವರಿ, ಬೆನ್ನು ಕಣ್ಮರೆಯಾಗುವ ತನಕ ನಿಲ್ಲುವುದು. ಕಾರು ಮುಂದೆ ಒಯ್ಯಿರಿ ಎಂದು ಅವಸರಿಸುವ ರಸ್ತೆಯಂಚಿನಲ್ಲಿ ಅದು ಹೇಗೆ ನಡೆದೀತು? ಈಗಿನ ವಿಮಾನ ನಿಲ್ದಾಣಗಳ ದೊಡ್ಡ ಕೊರತೆ ಇದೇ. ಬಸ್ಸಿನ ಓಡಾಟ, ಉದ್ದದ ನಡಿಗೆ ಇದರ ಮುಂದೆ ಏನೂ ಅಲ್ಲ.

ಕೋಲ್ಕತ್ತದ ನಿಲ್ದಾಣದಲ್ಲಿ 2024ರ ಡಿಸೆಂಬರ್‌ನಲ್ಲಿ 10 ರೂಪಾಯಿಗೆ ಚಹಾ, 10 ರೂಪಾಯಿಗೆ ನೀರು ಕೊಡುವ ಕೆಫೆ ತೆರೆದರು. ಮನಸ್ಸಿದ್ದರೆ ದಾರಿಯಿದೆ. ಬೆಂಗಳೂರಿನ ನಿಲ್ದಾಣ ನಡೆಸುವವರನ್ನೂ, ಅದರಲ್ಲಿ ಪಾಲು ಹೊಂದಿರುವ ನಮ್ಮ ಸರ್ಕಾರವನ್ನೂ ಕೇಳಿಕೊಳ್ಳುತ್ತೇನೆ: ಎರಡೂ ಟರ್ಮಿನಲ್‌ಗಳ ಹೊರಗೆ, ಬೀಳ್ಕೊಡಲು ಬಂದವರಿಗೆಂದೇ ನೆರಳಿರುವ ಒಂದೊಂದು ಚಾವಡಿ ಕಟ್ಟಿಸಿ. ಅಲ್ಲಿ ಬೆಂಚು, ಕುಡಿಯುವ ನೀರು, ಬಡವರ ಕೈಗೆಟಕುವ ಊಟ ಇರಲಿ.