ಬೀದಿಯ ಬಗರ್ ಹುಕುಂ

ಬಗರ್ ಹುಕುಂ ಅಂದರೆ ಏನು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಕುಂ ಇಲ್ಲದೆ ಸರ್ಕಾರಿ ಭೂಮಿ ಉಳುವುದು. ನಮ್ಮ ಕೇರಿಯ ಒಬ್ಬ ಮುದುಕ ಗೋಮಾಳದ ಅಂಚಿನಲ್ಲಿ ಕಲ್ಲು ಆಯ್ದು, ಮುಳ್ಳು ಕಡಿದು ಒಂದೆಕರೆಗೆ ರಾಗಿ ಚೆಲ್ಲಿದರೆ ಅದು ಅಕ್ರಮ. ಅದನ್ನು ಸಕ್ರಮ ಮಾಡಿಸಿಕೊಳ್ಳೋಕೆ ನಮೂನೆ 50 ಕೊಡಬೇಕು. ಅದು ತಪ್ಪಿದರೆ 53, ಅದೂ ತಪ್ಪಿದರೆ 57. ಅಪ್ಪ ಕೊಟ್ಟ ಅರ್ಜಿ ಹಿಡಿದು ಮಗ ತಾಲೂಕು ಕಚೇರಿಯ ಮೆಟ್ಟಿಲು ಸವೆಸಬೇಕು. ನಡುವೆ ಒಂದು ದಿನ ಯಾರೋ ಅಧಿಕಾರಿ ಬಂದು ಪೈರು ಕಿತ್ತು ಹಾಕಿದರೆ ಕೇಳೋರು ಯಾರು?

ಬೆಂಗಳೂರಿನಲ್ಲಿ ಇನ್ನೊಂದು ಬಗರ್ ಹುಕುಂ ನಡೀತಾ ಇದೆ. ಅದಕ್ಕೆ ನಮೂನೆ ಇಲ್ಲ, ಅರ್ಜಿ ಇಲ್ಲ, ಸಮಿತಿ ಇಲ್ಲ. ರಾತ್ರಿ ಒಂದು ಕಾರು ಬಂದು ಬೀದಿ ಬದಿಯಲ್ಲಿ ನಿಂತರೆ ಬೆಳಗಿನ ತನಕ ಆ ನೆಲ ಅದರದ್ದು. ಕೆಲವರು ಅಷ್ಟಕ್ಕೂ ಸುಮ್ಮನಿರೋಲ್ಲ. ಕಾರು ಹೊರಗೆ ಹೋದಾಗ ಆ ಜಾಗದಲ್ಲಿ ಹೂವಿನ ಕುಂಡ ಇಡ್ತಾರೆ, ಕಲ್ಲು ಇಡ್ತಾರೆ, ಗೇಟಿಗೆ 'ನೋ ಪಾರ್ಕಿಂಗ್' ಬೋರ್ಡು ಕಟ್ತಾರೆ. ಹೊಲಕ್ಕೆ ಬಾಂದುಕಲ್ಲು ನೆಟ್ಟ ಹಾಗೆ. ಈ ಬಾಂದುಕಲ್ಲು ನೆಡೋಕೆ ಅವರಿಗೆ ಹುಕುಂ ಕೊಟ್ಟವರು ಯಾರು? ಯಾರೂ ಕೊಟ್ಟಿಲ್ಲ. ಆದರೂ ಇದನ್ನು ಒತ್ತುವರಿ ಅಂತ ಯಾರೂ ಕರೆಯೋದಿಲ್ಲ. 'ಪಾರ್ಕಿಂಗ್ ಸಮಸ್ಯೆ' ಅಂತ ಕರೀತಾರೆ. ಬಡವ ನೆಲ ಹಿಡಿದರೆ ಅಪರಾಧ, ಉಳ್ಳವನು ಹಿಡಿದರೆ ಸಮಸ್ಯೆ. ಭಾಷೆಯಲ್ಲೇ ವರ್ಗ ಇದೆ, ಗೆಳೆಯರೇ.

ಹೊಲದ ಲೆಕ್ಕದಲ್ಲೇ ಇದನ್ನು ನೋಡೋಣ. ಒಂದು ಕಾರು ನಿಲ್ಲೋಕೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು ಅನ್ನೋದು ಇಂಜಿನಿಯರುಗಳ ಲೆಕ್ಕ. ಅಂದರೆ ಹನ್ನೆರಡೂವರೆ ಚದರ ಮೀಟರ್. ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ನಗರದ ಕಡುಬಡವರ ಒಂದು ಮನೆಗೆ ಮೊದಲು ಹಾಕಿದ್ದ ಮಿತಿ 30 ಚದರ ಮೀಟರ್. ಗಂಡ, ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ, ಒಲೆ, ಹಾಸಿಗೆ ಎಲ್ಲಾ ಸೇರಿ ಎರಡೂವರೆ ಕಾರಿನ ಜಾಗ! ಬೆಂಗಳೂರಿನಲ್ಲಿ ಒಟ್ಟು ವಾಹನ ಒಂದು ಕೋಟಿ ದಾಟಿವೆ. ಅದರಲ್ಲಿ ಕಾರುಗಳೇ 20 ಲಕ್ಷಕ್ಕಿಂತ ಹೆಚ್ಚು. 20 ಲಕ್ಷ ಅಂತಲೇ ಹಿಡಿಯೋಣ. ಒಂದು ಕಾರಿಗೆ ಒಂದೇ ಜಾಗದಂತೆ ಗುಣಿಸಿದರೂ ಆರು ಸಾವಿರ ಎಕರೆ ಮೀರುತ್ತದೆ. ಆದರೆ ಕಾರಿಗೆ ಒಂದೇ ಜಾಗ ಸಾಲದು. ಮನೆ ಹತ್ತಿರ ಒಂದು, ಆಫೀಸಿನ ಹತ್ತಿರ ಒಂದು, ಪೇಟೆಯಲ್ಲಿ ಒಂದು, ಕಲ್ಯಾಣ ಮಂಟಪದ ಮುಂದೆ ಒಂದು. ಎಲ್ಲವೂ ಬೀದಿಯ ಮೇಲೇ ಇಲ್ಲ ನಿಜ. ಆದರೆ ಬೀದಿ ಮೇಲೆ ಇರುವಷ್ಟಕ್ಕೆ ಬಾಡಿಗೆ ಕೊಡುವವರು ಯಾರು?

ಹಾಗಾದರೆ ಪ್ರಶ್ನೆ ಇದು: ಎಲ್ಲರದ್ದೂ ಆದ ಬೀದಿಯಲ್ಲಿ ನಿಲ್ಲುವ ಹಕ್ಕು ಯಾರದ್ದು?

ಬೀದಿ ಅನ್ನೋದು ನಮ್ಮ ಜನಕ್ಕೆ ಬಿಟ್ಟಿ ಸಿಕ್ಕಿದ್ದಲ್ಲ. ಮೇಲುಜಾತಿಯ ಕೇರಿ ಬಂದಾಗ ನಮ್ಮ ಹಿರಿಯರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆದರು. ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋದರು. 1924ರಲ್ಲಿ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ದೇವರ ದರ್ಶನಕ್ಕಲ್ಲ, ಗುಡಿಯ ಸುತ್ತಿನ ರಸ್ತೆಯಲ್ಲಿ ನಡೆಯೋದಕ್ಕೆ. ನಾಯಿ ಓಡಾಡಬಹುದಾದ ರಸ್ತೆಯಲ್ಲಿ ಮನುಷ್ಯ ಓಡಾಡುವಂತಿರಲಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಇಳಿದು ನೀರು ಮುಟ್ಟಿದ್ದು 'ಸಾರ್ವಜನಿಕ' ಅನ್ನೋ ಮಾತಿಗೆ ಅರ್ಥ ಬರಲಿ ಅಂತ. ಮುಂದೆ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟದ ಜೊತೆಗೆ ರಸ್ತೆಯ ಹೆಸರೂ ಸೇರಿತು. ರಸ್ತೆಯನ್ನು ಹೆಸರಿಟ್ಟು ಬರೆಯಬೇಕಾಯಿತು ಅಂದರೆ ಅದರ ಹಿಂದೆ ಎಷ್ಟು ಅವಮಾನ ಇತ್ತು ಅಂತ ಯೋಚಿಸಿ.

ಇವತ್ತು ಆ ರಸ್ತೆಯಲ್ಲಿ ಏನು ನಡೀತಿದೆ? ಫುಟ್‌ಪಾತಿನ ಮೇಲೆ ಬೈಕು, ಅದರ ಪಕ್ಕ ಕಾರು, ಉಳಿದದ್ದರಲ್ಲಿ ಬಸ್ಸು. ನಡೆಯುವವನಿಗೆ ಚರಂಡಿ ಕಲ್ಲು. ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸು ಎರಡು ಕಾರಿನ ನಡುವೆ ಕೂತರೆ 'ಏಯ್, ನಡಿಯಮ್ಮ, ಮುಂದೆ ನಡಿ' ಅನ್ನೋ ಗದರಿಕೆ. ಅವಳ ಬುಟ್ಟಿಗೆ ಬೇಕಾದದ್ದು ಕಾರಿನ ಒಂದು ಮೂಲೆಯಷ್ಟು ಜಾಗ. ಅವಳಿಗಾಗಿ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯಿದೆಯೇ ಬಂತು. ಸಮೀಕ್ಷೆ ಆಗಬೇಕು, ಪ್ರಮಾಣಪತ್ರ ಕೊಡಬೇಕು, ಅಲ್ಲೀತನಕ ಎಬ್ಬಿಸಬಾರದು ಅಂತ ಅದರಲ್ಲಿದೆ. ಆದರೂ ಅವಳು ತನ್ನ ಕಾಗದ ತೋರಿಸಬೇಕು. ಕಾರಿನವನನ್ನು 'ನಿನಗೆ ಇಲ್ಲಿ ನಿಲ್ಲೋಕೆ ಕಾಗದ ಎಲ್ಲಿ?' ಅಂತ ಕೇಳಿದವರನ್ನು ನಾವು ಕಂಡಿಲ್ಲ.

1985ರಲ್ಲಿ ಮುಂಬೈನ ಫುಟ್‌ಪಾತ್ ವಾಸಿಗಳ ಮೊಕದ್ದಮೆಯಲ್ಲಿ, ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಅಂದಿತು. ಆದರೆ ಫುಟ್‌ಪಾತ್ ನಡೆಯುವವರಿಗಾಗಿ ಇರುವುದು, ಅದನ್ನು ಆಕ್ರಮಿಸಿ ಕೂರುವ ಹಕ್ಕು ಯಾರಿಗೂ ಇಲ್ಲ ಅಂತಲೂ ಹೇಳಿತು. ಎರಡನೇ ಮಾತನ್ನು ನಗರ ಚೆನ್ನಾಗಿ ಬಾಯಿಪಾಠ ಮಾಡಿಕೊಂಡಿದೆ. ಗುಡಿಸಲಿಗೆ ಅನ್ವಯಿಸುತ್ತದೆ, ತಳ್ಳುಗಾಡಿಗೆ ಅನ್ವಯಿಸುತ್ತದೆ. ಫುಟ್‌ಪಾತಿಗೆ ಎರಡು ಚಕ್ರ ಹತ್ತಿಸಿ ನಿಂತ ಕಾರಿನ ಹತ್ತಿರ ಬಂದಾಗ ಮಾತ್ರ ಮರೆತುಹೋಗುತ್ತದೆ. 'ಯಾರಿಗೂ ಇಲ್ಲ' ಅಂದರೆ ಯಾರಿಗೂ ಇಲ್ಲ ತಾನೆ?

ಇನ್ನೊಂದು ಚಿತ್ರ. ಬೆಳಗಿನ ಜಾವ ಪೌರಕಾರ್ಮಿಕ ತಾಯಂದಿರು ಬೀದಿ ಗುಡಿಸುತ್ತಾರೆ. ಅವರು ಯಾವ ಜಾತಿಯವರು ಅಂತ ನಾವು ಹೇಳಬೇಕೇ? ಸಾಲಾಗಿ ಕಾರು ನಿಂತಿರುತ್ತವೆ. ನಡು ಬಗ್ಗಿಸಿ, ಪೊರಕೆ ಚಾಚಿ, ಚಕ್ರದ ಸಂದಿಯಿಂದ ಕಸ ಎಳೆಯಬೇಕು. ಸರಿಯಾಗಿ ಗುಡಿಸಲಿಲ್ಲ ಅಂತ ಬೈಸಿಕೊಳ್ಳೋಳು ಅವಳು. ಪೊರಕೆ ತಾಗಿ ಗೀಚು ಬಿತ್ತು ಅಂತ ಬೈಸಿಕೊಳ್ಳೋಳೂ ಅವಳೇ. ಮಲಗಿರುವ ಕಬ್ಬಿಣಕ್ಕೆ ದುಡಿಯುವ ದೇಹ ಬಗ್ಗಿ ನಡೆಯಬೇಕು. ಹಳ್ಳಿಯ ಬೀದಿಯಲ್ಲಿ ಚಪ್ಪಲಿ ಕಳಚಿದ್ದಕ್ಕೂ ಇದಕ್ಕೂ ದೂರ ಎಷ್ಟು?

ಕಾರಿನವರ ಉತ್ತರ ನಮಗೆ ಗೊತ್ತು. 'ನಾವು ರಸ್ತೆ ತೆರಿಗೆ ಕಟ್ಟಿದ್ದೀವಿ ಕಣ್ರೀ.' ಕಟ್ಟಿದ್ದಾರೆ, ಇಲ್ಲ ಅನ್ನೋಲ್ಲ. ಕರ್ನಾಟಕದಲ್ಲಿ ದುಬಾರಿ ಕಾರಿಗೆ ಬೆಲೆಯ ಶೇ. 18ರಷ್ಟು ತೆರಿಗೆ ಇದೆ. ಅದು ರಸ್ತೆಯಲ್ಲಿ ವಾಹನ ಓಡಿಸೋಕೆ ಕೊಡುವ ತೆರಿಗೆ, ನೆಲ ಹಿಡಿಯೋಕೆ ಕೊಟ್ಟ ಕ್ರಯವಲ್ಲ. ತೆರಿಗೆಯ ಮಾತಾದರೆ ಸೊಪ್ಪಿನವಳೂ ಸೋಪಿಗೆ, ಬೆಂಕಿಪೊಟ್ಟಣಕ್ಕೆ ಕಟ್ಟುತ್ತಾಳೆ. ಅವಳಿಗೆ ಎಷ್ಟು ಚದರಡಿ ಕೊಟ್ಟಿರಿ?

ಇದಕ್ಕಿಂತ ಕಷ್ಟದ ಪ್ರಶ್ನೆ ನಮ್ಮ ಒಳಗಿನಿಂದಲೇ ಬರುತ್ತದೆ. ಓದಿ ನೌಕರಿ ಹಿಡಿದ ನಮ್ಮ ಹುಡುಗ ಕೇಳುತ್ತಾನೆ: 'ಅಣ್ಣಾ, ಇಷ್ಟು ದಿನ ಅವರು ಓಡಿಸಿದರು. ಈಗ ನಾನು ಸಾಲ ಮಾಡಿ ಒಂದು ಕಾರು ತಗೊಂಡರೆ ನಿಮಗೆ ತತ್ವ ನೆನಪಾಗುತ್ತಾ?' ಈ ಮಾತಿನಲ್ಲಿ ನೋವಿದೆ, ನ್ಯಾಯವೂ ಇದೆ. ಬೈಕು ಏರಿ ಮೇಲಿನ ಕೇರಿ ದಾಟಿದ್ದಕ್ಕೆ ಏಟು ತಿಂದ ಹುಡುಗರಿರುವ ದೇಶ ಇದು. ವಾಹನ ನಮಗೆ ಬರೀ ಸವಾರಿಯಲ್ಲ, ಸ್ವಾಭಿಮಾನ. 1893ರಲ್ಲಿ ತಿರುವಾಂಕೂರಿನಲ್ಲಿ ಪುಲಯರ ಅಯ್ಯನ್‌ಕಾಳಿ ಎತ್ತಿನ ಗಾಡಿ ಕೊಂಡು, ನಿಷೇಧವಿದ್ದ ಸಾರ್ವಜನಿಕ ರಸ್ತೆಯಲ್ಲೇ ಓಡಿಸಿದರು. ಆ ಗಾಡಿಗೆ ನಾವು ಇವತ್ತೂ ಕೈ ಮುಗಿಯುತ್ತೇವೆ.

ಆದರೆ ತಮ್ಮಾ, ಒಂದು ಗಮನಿಸು. ಅಯ್ಯನ್‌ಕಾಳಿಯ ಗಾಡಿ ನಡೆದ ಗಾಡಿ. ಅದು ಹೋದ ದಾರಿ ಹಿಂದೆ ಬರುವ ಎಲ್ಲರಿಗೂ ತೆರೆಯಿತು. ನಿಂತ ಕಾರು ದಾರಿಯನ್ನು ಮುಚ್ಚುತ್ತದೆ. ಸ್ಥಾವರ, ಜಂಗಮ ಅಂತ ವಚನಕಾರರು ಎರಡು ಮಾತು ಕೊಟ್ಟು ಹೋದರು. ನಡೆಯುವ ಹಕ್ಕು ಹಂಚಿದಷ್ಟೂ ಮುಗಿಯೋದಿಲ್ಲ. ನಿಲ್ಲುವ ಜಾಗ ಒಬ್ಬನಿಗೆ ಸಿಕ್ಕರೆ ಇನ್ನೊಬ್ಬನಿಗೆ ಇಲ್ಲ. ಅದು ದಾರಿಯ ಪ್ರಶ್ನೆಯಲ್ಲ, ಜಮೀನಿನ ಪ್ರಶ್ನೆ. ನೀನು ಕಾರು ತಗೋ, ಬೇಡ ಅನ್ನೋಕೆ ನಾವು ಯಾರು? ಆದರೆ ಗೌಡರ ಹಾಗೆ ಬೀದಿಯನ್ನು ಸ್ವಂತದ್ದು ಮಾಡಿಕೊಳ್ಳಬೇಡ. ಯಜಮಾನ ಬದಲಾದರೆ ಸಾಲದು, ಯಜಮಾನಿಕೆ ಹೋಗಬೇಕು.

ಈ ಊರು ಯಾರನ್ನು ಎಲ್ಲಿ ನಿಲ್ಲಿಸುತ್ತದೆ ಅಂತ ನೋಡಬೇಕಾದರೆ ಫ್ರೀಡಂ ಪಾರ್ಕಿಗೆ ಹೋಗಿ. ಅದು ಹಳೆಯ ಸೆಂಟ್ರಲ್ ಜೈಲು. 1975ರ ತುರ್ತುಪರಿಸ್ಥಿತಿಯಲ್ಲಿ ವಿರೋಧ ಪಕ್ಷದ ನಾಯಕರನ್ನು ಕೂಡಿಹಾಕಿದ್ದು ಅಲ್ಲೇ. ಬೆಂಗಳೂರಿನಲ್ಲಿ ಧರಣಿ, ಪ್ರತಿಭಟನೆ ಮಾಡೋದಿದ್ದರೆ ಆ ಪಾರ್ಕಿನಲ್ಲಿ ಮಾತ್ರ ಅಂತ 2021ರಲ್ಲಿ ಸರ್ಕಾರದ ಆದೇಶವಾಯಿತು. ಕಾರಣ ಏನು ಗೊತ್ತೇ? ಸಂಚಾರಕ್ಕೆ ಅಡ್ಡಿ! ಪಕ್ಕದಲ್ಲೇ ಸಾರ್ವಜನಿಕ ದುಡ್ಡಿನಲ್ಲಿ ಬಹುಮಹಡಿ ವಾಹನ ನಿಲ್ದಾಣ ಎದ್ದು ನಿಂತಿದೆ. ಅರ್ಧ ದಿನ ಬಾವುಟ ಹಿಡಿದು ನಿಂತ ಮನುಷ್ಯ ಸಂಚಾರಕ್ಕೆ ಅಡ್ಡಿ, ವರ್ಷಗಟ್ಟಲೆ ಬೀದಿಯಲ್ಲಿ ನಿಂತ ಕಾರು ಅಡ್ಡಿಯಲ್ಲ.

ದಾರಿ ಇಲ್ಲ ಅಂತಲ್ಲ. ಜಪಾನಿನಲ್ಲಿ 1962ರಿಂದ ಕಾನೂನಿದೆ. ಕಾರು ನೋಂದಾಯಿಸಬೇಕಾದರೆ ಅದನ್ನು ನಿಲ್ಲಿಸೋಕೆ ಬೀದಿಯಿಂದ ಹೊರಗೆ ಜಾಗ ಇದೆ ಅಂತ ತೋರಿಸಬೇಕು. ನಮ್ಮ ಸರ್ಕಾರವೂ 2021ರಲ್ಲಿ ಬೆಂಗಳೂರಿಗೆ ಪಾರ್ಕಿಂಗ್ ನೀತಿ ಒಪ್ಪಿತು. ಬಿಟ್ಟಿ ನಿಲುಗಡೆ ಹೋಗಬೇಕು ಅಂತ ಅದರಲ್ಲಿ ಬರೆದಿದೆ. ಬರೆದದ್ದನ್ನು ನಡೆಸಲಿ. ಬೀದಿಯಲ್ಲಿ ಮೊದಲ ಪಾಲು ಕಾಲಿಗೆ, ಆಮೇಲೆ ಬಸ್ಸಿಗೆ, ಆಮೇಲೆ ದುಡಿದು ತಿನ್ನುವ ಬುಟ್ಟಿಗೆ. ಉಳಿದರೆ ಕಾರಿಗೆ, ಅದೂ ನೆಲದ ಬಾಡಿಗೆ ಕೊಟ್ಟು. ಆ ಬಾಡಿಗೆಯಲ್ಲಿ ಫುಟ್‌ಪಾತ್ ಆಗಲಿ, ಬಸ್ಸು ಬರಲಿ.

ಇದು ಬೆಂಗಳೂರಿನ ಮಾತು, ನಮಗೇಕೆ ಅನ್ನಬೇಡಿ. ತಾಲೂಕು ಪಟ್ಟಣಗಳೂ ಇದೇ ಹಾದಿ ಹಿಡಿದಿವೆ. ಮೇಷ್ಟ್ರುಗಳಲ್ಲಿ ನಮ್ಮದೊಂದು ವಿನಂತಿ. ಒಂದು ಸಂತೆ ದಿನ ಮಕ್ಕಳನ್ನು ಕರೆದುಕೊಂಡು ಪೇಟೆ ಬೀದಿಗೆ ಹೋಗಿ. ಕೈಗೆ ಒಂದು ಹಗ್ಗ ಕೊಡಿ. ನಿಂತ ಕಾರಿನ ಸುತ್ತ ಅಳೆಯಲಿ, ಸೊಪ್ಪಿನವಳ ಬುಟ್ಟಿಯ ಸುತ್ತ ಅಳೆಯಲಿ. ಲೆಕ್ಕ ಪುಸ್ತಕದಲ್ಲಿ ಎರಡನ್ನೂ ಬರೆಯಲಿ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: ಇವರಿಬ್ಬರಲ್ಲಿ ಒತ್ತುವರಿದಾರ ಯಾರು? ಉತ್ತರ ನೀವು ಹೇಳಿಕೊಡಬೇಡಿ. ಹಗ್ಗ ಹೇಳುತ್ತದೆ.