ಮಕ್ಕಳ ಕಳವು ಮತ್ತು ಅಚೌರ್ಯಾಣುವ್ರತ



ಮಗು ಕದ್ದಿತೆಂದು ತಿಳಿದೊಡನೆ ಬೆತ್ತ ಹಿಡಿಯುವ ತಂದೆಯರೂ ಒಂದು ಹೊತ್ತಿನ ಅನ್ನ ತಪ್ಪಿಸುವ ತಾಯಂದಿರೂ ನಮ್ಮಲ್ಲಿ ಉಂಟು. ಬಲವಂತದ ಹಸಿವು ಉಪವಾಸವಲ್ಲ. ಅದನ್ನು ಶಿಕ್ಷೆಯಾಗಿ ಕಂಡ ಮಗು ದಶಲಕ್ಷಣ ಪರ್ವದಲ್ಲಿ ಸಂತೋಷದಿಂದ ಉಪವಾಸವಿದ್ದೀತೆ?

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹೇಳಿದ 9 ಬಗೆಯ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ. ಎಂದರೆ ಗುರುವಿನೆದುರು ದೋಷವನ್ನು ಮರೆಮಾಚದೆ ತಾನಾಗಿ ನಿವೇದಿಸಿಕೊಳ್ಳುವುದು. ಹೊಡೆದು ಬಾಯಿ ಬಿಡಿಸಿದ್ದು ಆಲೋಚನೆಯಾಗದು. ಗಾಂಧೀಜಿಯವರು 15ನೆಯ ವಯಸ್ಸಿನಲ್ಲಿ ಅಣ್ಣನ ಸಾಲ ತೀರಿಸಲು ಅವನ ಕಡಗದ ಚಿನ್ನವನ್ನೇ ಕದ್ದು, ಬಳಿಕ ತಪ್ಪೊಪ್ಪಿಗೆಯನ್ನು ಬರೆದು ತಂದೆಯ ಕೈಗಿತ್ತರು. ತಂದೆ ಗದರಲಿಲ್ಲ, ಕಣ್ಣೀರಿಟ್ಟು ಚೀಟಿಯನ್ನು ಹರಿದುಹಾಕಿದರು.

ಕಹಿಯಾದರೂ ಇನ್ನೊಂದು ಮಾತು. ಕಳವಿನ ಮಾಲು ಕೊಳ್ಳುವುದು, ತೂಕ ಅಳತೆಗಳಲ್ಲಿ ವಂಚನೆ, ಕಲಬೆರಕೆ ಇವೂ ಈ ವ್ರತದ 5 ಅತಿಚಾರಗಳಲ್ಲಿ ಸೇರಿವೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯೊಂದರಲ್ಲಿ ಬೆರಕೆ ನೂಲಿನ ಸೀರೆ ಶುದ್ಧ ರೇಷ್ಮೆಯೆಂದು ಮಾರಾಟವಾದರೆ, ಪಕ್ಕದಲ್ಲಿ ಕುಳಿತ ಮಗು ಅದನ್ನು ನೋಡುತ್ತಿರುತ್ತದೆ. (ಮಕ್ಕಳ ಕಣ್ಣು ತೆರಿಗೆ ಅಧಿಕಾರಿಯ ಕಣ್ಣಿಗಿಂತ ಚುರುಕು!)

ಕದ್ದದ್ದು ಪೆನ್ಸಿಲಾದರೂ ಮನೆಯಲ್ಲಿ ಉಳಿಯಬಾರದು. ತಂದೆ ಜೊತೆಯಲ್ಲಿ ಹೋಗಿ ಮಗುವಿನ ಕೈಯಿಂದಲೇ ಒಡೆಯನಿಗೆ ಹಿಂದಿರುಗಿಸಲಿ. ನೆರೆಹೊರೆಗೆ ಸಾರುವುದು ಬೇಡ. ಮನೆಗೆ ಬಂದ ಮೇಲೆ, ಸೂರ್ಯಾಸ್ತಕ್ಕೆ ಮುನ್ನ, ಎಂದಿನಂತೆ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಉಣಬಡಿಸಲಿ.