ಅಂಗಹಾನಿಯ ಪರಿಹಾರವೂ ರಾಜಿಯ ಧರ್ಮವೂ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ನಮ್ಮ ಸೀಮೆಯಲ್ಲಿ ಅಕ್ಷರ ಬಾರದವರ ಬಾಯಲ್ಲಿಯೂ ಉಂಟು. ಬಹುಕಾಲ ಉಪಾಧ್ಯಾಯನಾಗಿದ್ದ ನಾನೂ ಈ ಗಾದೆಯನ್ನು ಆಪ್ತವಾಕ್ಯವೆಂದೇ ನಂಬಿದ್ದವನು. ಆ ನಂಬಿಕೆಯಿಂದ ಒಬ್ಬ ನೇಕಾರನಿಗೆ ಕೇಡಾಯಿತು. ಅದನ್ನು ಮೊದಲು ಒಪ್ಪಿಕೊಂಡು ಬಳಿಕ ವಿಚಾರಕ್ಕೆ ತೊಡಗುವುದು ಯುಕ್ತವೆಂದು ತೋರುತ್ತದೆ.

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ನಡೆದಾಡಿದವರು ವಿದ್ಯುತ್ ಮಗ್ಗಗಳ ಸದ್ದನ್ನು ಬಲ್ಲರು. ಮನೆಯ ಒಂದು ಭಾಗದಲ್ಲಿ ಸಂಸಾರ, ಇನ್ನೊಂದು ಭಾಗದಲ್ಲಿ ನಾಲ್ಕಾರು ಮಗ್ಗ. 2021ರಲ್ಲಿ ಅಂಥ ಒಂದು ಮನೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಬಲಗೈ ಹೆಬ್ಬೆರಳು ಮಗ್ಗದ ಹಲ್ಲಿನ ಚಕ್ರಕ್ಕೆ ಸಿಕ್ಕಿ ಬುಡಸಮೇತ ಹೋಯಿತು. ಅವನ ವಯಸ್ಸು ಮೂವತ್ತು. ತಿಂಗಳ ದುಡಿಮೆ ಹದಿನೈದು ಸಾವಿರ. ಯಜಮಾನನು ಆಸ್ಪತ್ರೆಯ ಖರ್ಚನ್ನು ಕೊಟ್ಟನು. ಆಮೇಲೆ ಒಂದು ರಾತ್ರಿ ಮನೆಗೆ ಕರೆಸಿ, ನಲವತ್ತು ಸಾವಿರ ರೂಪಾಯಿ ಎದುರಿಗಿಟ್ಟು, ಇನ್ನು ಯಾವ ತಕರಾರೂ ಇಲ್ಲವೆಂಬ ಕಾಗದಕ್ಕೆ ರುಜು ಕೇಳಿದನು. ಹುಡುಗನು ಅದನ್ನು ನನ್ನಲ್ಲಿಗೆ ತಂದು, “ಮೇಷ್ಟ್ರೇ, ಹಾಕಲೋ ಬೇಡವೋ?” ಎಂದನು. ನಾನು ಓದಿ, ಬರೆಹದಲ್ಲಿದ್ದ ಎರಡು ತಪ್ಪುಗಳನ್ನು ತಿದ್ದಿ, “ಹಾಕಪ್ಪ, ಕೋರ್ಟಿಗೆ ಅಲೆದು ಏನು ಮಾಡುತ್ತೀಯೆ?” ಎಂದೆನು. ಅವನು ಎಡಗೈಯಿಂದ ರುಜು ಹಾಕಿದನು.

ಮೂರು ವರ್ಷಗಳ ಮೇಲೆ ಕಾರ್ಮಿಕ ಸಂಘದ ಹಿರಿಯರೊಬ್ಬರು ನನಗೆ ಲೆಕ್ಕ ತೋರಿಸಿದರು. ಆಗ ಜಾರಿಯಲ್ಲಿದ್ದ 1923ರ ಪರಿಹಾರ ಅಧಿನಿಯಮದ ಪಟ್ಟಿಯಂತೆ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 30ರಷ್ಟು ನಷ್ಟ. ಸಂಬಳದ ನೂರಕ್ಕೆ 60 ಭಾಗವನ್ನು ವಯಸ್ಸಿಗೆ ಗೊತ್ತುಮಾಡಿದ ಅಂಕದಿಂದ, ಎಂದರೆ ಮೂವತ್ತು ವರ್ಷಕ್ಕೆ 207.98ರಿಂದ, ಗುಣಿಸಿ ಅದರಲ್ಲಿ ನೂರಕ್ಕೆ 30 ಭಾಗ ತೆಗೆದರೆ 5,61,546 ರೂಪಾಯಿ. ಇಷ್ಟೇ ಅಲ್ಲ, ಹಕ್ಕನ್ನು ಬಿಟ್ಟುಕೊಡಿಸುವ ಅಂಥ ಕಾಗದವು ಆ ಅಧಿನಿಯಮದಂತೆ ಅಸಿಂಧು. ನಾನು ವ್ಯಾಕರಣವನ್ನು ತಿದ್ದಿದ್ದು ಅಂಥ ಕಾಗದದಲ್ಲಿ.

ಹಾಗಾದರೆ ವ್ಯಾಜ್ಯವೇ ಸರಿಯೆನ್ನೋಣವೆ? ಅದೂ ಸುಲಭವಲ್ಲ. ಮೂರು ತಿಂಗಳೊಳಗೆ ತೀರ್ಮಾನವಾಗಬೇಕೆಂದು 2009ರ ತಿದ್ದುಪಡಿಯು ವಿಧಿಸಿದರೂ, ವಾಯಿದೆಗಳುಂಟು, ಹೈಕೋರ್ಟಿನ ಮೇಲ್ಮನವಿಯುಂಟು. ಗಾಯಗೊಂಡವನ ಒಲೆಯು ಅಷ್ಟು ದಿನ ಕಾಯಲಾರದು. ಎದುರು ಪಕ್ಷದ ಯಜಮಾನನಾದರೂ ಕುಬೇರನಲ್ಲ; ನಾಲ್ಕು ಮಗ್ಗ, ಅದರ ಮೇಲೆ ಸಾಲ, ರೇಷ್ಮೆಯ ಬೆಲೆಯ ಏರಿಳಿತ. ನಾಳೆ ಇಬ್ಬರೂ ಅದೇ ಬೀದಿಯಲ್ಲಿ ಬಾಳಬೇಕು. ಆದುದರಿಂದ ರಾಜಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಯಾರ ನಡುವೆ, ಎಲ್ಲಿ, ಯಾವುದರ ಬಗ್ಗೆ ರಾಜಿ ಎಂಬುದೇ ಪ್ರಶ್ನೆ.

ಪಾಠಶಾಲೆಯಲ್ಲಿ ನಾನು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ಓದಿದವನು. ಅದಕ್ಕೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇದ್ದವನು. ವ್ಯಾಜ್ಯವನ್ನು ಕುಲವೂ, ಒಂದೇ ಕಸುಬಿನವರ ಶ್ರೇಣಿಯೂ, ಊರವರ ಕೂಟವೂ ವಿಚಾರಿಸಬಹುದು. ಅವೆಲ್ಲಕ್ಕೂ ಮೇಲೆ ರಾಜನು ನೇಮಿಸಿದವರು ಎಂದು ಅಲ್ಲಿನ ಕ್ರಮ. ಅದರ ಮುಂದೆಯೇ ಇನ್ನೊಂದು ವಿಧಿಯಿದೆ: ಬಲದಿಂದ ಅಥವಾ ವಂಚನೆಯಿಂದ ಆದ ವ್ಯವಹಾರಗಳು, ರಾತ್ರಿಯಲ್ಲಿ ಆದವು, ಮನೆಯೊಳಗೆ ಆದವು, ಇವೆಲ್ಲ ರದ್ದಾಗತಕ್ಕವು. ವಿದ್ಯಾರ್ಥಿದೆಶೆಯಲ್ಲಿ ನಾನು ಇದನ್ನು ಬಾಯಿಪಾಠ ಮಾಡಿದ್ದೆನು. ಆ ರಾತ್ರಿ ಮಾತ್ರ ನೆನಪಿಗೆ ಬರಲಿಲ್ಲ.

1923ರ ಅಧಿನಿಯಮವೂ ಬಹುಮಟ್ಟಿಗೆ ಇದೇ ದಾರಿಯನ್ನು ಹಿಡಿದಿತ್ತು. ಪರಿಹಾರದ ಮೊತ್ತವನ್ನು ಉಭಯರೂ ಒಪ್ಪಂದದಿಂದ ಇತ್ಯರ್ಥ ಮಾಡಿಕೊಳ್ಳಬಹುದು. ಆದರೆ ಅದನ್ನು ಆಯುಕ್ತರಲ್ಲಿ ದಾಖಲೆ ಮಾಡಿಸಬೇಕು. ಮೊತ್ತವು ಸಾಲದೆಂದಾಗಲಿ, ಮೋಸ ಒತ್ತಾಯಗಳಿಂದ ಪಡೆದದ್ದೆಂದಾಗಲಿ ಕಂಡರೆ ಅವರು ನಿರಾಕರಿಸಬಹುದು. ನೊಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಯು ಕೆಲಸಗಾರನ ಪರವಾಗಿ ಹಾಜರಾಗಲೂ ಅವಕಾಶವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಆ ಅಧಿನಿಯಮವನ್ನು ತನ್ನೊಳಗೆ ಸೇರಿಸಿಕೊಂಡಿದ್ದರೂ ಒಪ್ಪಂದದ ದಾಖಲೆಯ ಕ್ರಮವನ್ನು ಉಳಿಸಿಕೊಂಡಿದೆ. ಇ.ಎಸ್.ಐ. ವಿಮೆಗೆ ಒಳಪಟ್ಟ ದೊಡ್ಡ ಕಾರ್ಖಾನೆಗಳ ದಾರಿ ಬೇರೆ. ನಾನು ಹೇಳುತ್ತಿರುವುದು ಸಣ್ಣ ಮಗ್ಗದ ಮನೆಗಳ ಮಾತು.

ಇಲ್ಲಿ ಒಂದು ಶಂಕೆ. ಸಂಘವು ಚೌಕಾಸಿ ಮಾಡುವುದಕ್ಕೇ ಹುಟ್ಟಿದ್ದಲ್ಲವೆ? 1918ರಲ್ಲಿ ಅಹಮದಾಬಾದಿನ ಗಿರಣಿಗಳಲ್ಲಿ ಕಾರ್ಮಿಕರು ಕೂಲಿಯಲ್ಲಿ ನೂರಕ್ಕೆ 35 ಹೆಚ್ಚಿಗೆ ಕೇಳಿದರು, ಮಾಲೀಕರು 20 ಎಂದರು. ಕಡೆಗೆ ಆನಂದಶಂಕರ ಧ್ರುವರೆಂಬ ಸಂಸ್ಕೃತ ವಿದ್ವಾಂಸರ ಪಂಚಾಯಿತಿಯಿಂದ ತೀರ್ಮಾನವಾಯಿತು. ಕೂಲಿಯ ವಿಷಯದಲ್ಲಿ ಇದು ಸರಿಯೇ. ಅದು ನಾಳೆ ದುಡಿಯುವುದಕ್ಕೆ ಬೆಲೆ. ಹೋದ ಹೆಬ್ಬೆರಳಿನ ಪರಿಹಾರವು ಆಗಲೇ ಸಂದಾಯವಾಗಬೇಕಾದ ಸಾಲ. ಒಬ್ಬನ ಕೈಯ ಲೆಕ್ಕದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ನೂರು ಜನರ ಬೋನಸ್ಸನ್ನು ಗಳಿಸೋಣವೆಂದು ಸಂಘದ ಮುಖಂಡನಿಗೆ ತೋರಿದರೆ, ಅವನು ಪರರ ಒಡವೆಯನ್ನು ಮಾರುತ್ತಿದ್ದಾನೆ. ನೊಂದವನ ಹಕ್ಕು ಸಂಘದಲ್ಲಿ ಇಟ್ಟ ನ್ಯಾಸ, ಕಾಯಬಹುದು, ಮುರಿಯಬಾರದು. ಸಂಘವು ಬೇಡಿ ಪಡೆಯಬೇಕಾದದ್ದು ಬೇರೆ: ಹಣವು ಬೇಗ ಬರುವುದು, ಅದೇ ಮಗ್ಗದ ಮನೆಯಲ್ಲಿ ಅವನ ಕೈಗೆ ಒಗ್ಗುವ ಕೆಲಸ ಸಿಕ್ಕುವುದು, ಚಕ್ರಕ್ಕೆ ಮರೆ ಹಾಕಿಸುವುದು. ಎಲ್ಲಕ್ಕೂ ಮಿಗಿಲಾಗಿ, ಮಗ್ಗದ ಮಾಲೀಕರೂ ಕಾರ್ಮಿಕರ ಸಂಘವೂ ಅಪಘಾತಕ್ಕೆ ಮುಂಚೆಯೇ ಕುಳಿತು, ಪ್ರತಿ ಕೆಲಸಗಾರನಿಗೂ ಪರಿಹಾರದ ವಿಮೆ ಮಾಡಿಸುವುದೆಂದು ಕರಾರು ಮಾಡಿಕೊಂಡರೆ, ಸಣ್ಣ ಯಜಮಾನನೂ ಮುಳುಗುವುದಿಲ್ಲ, ರಾತ್ರಿಯ ಕಾಗದವೂ ಬೇಕಾಗುವುದಿಲ್ಲ.

ನನ್ನ ಶಿಷ್ಯನು ಈಗ ಒಂದು ಗೋದಾಮಿನಲ್ಲಿ ಕಾವಲುಗಾರನಾಗಿದ್ದಾನೆ. ಅರ್ಜಿಗೆ ಎರಡು ವರ್ಷದ ಗಡುವು. ತಡವಾದುದಕ್ಕೆ ತಕ್ಕ ಕಾರಣವಿದ್ದರೆ ಮನ್ನಿಸಬಹುದಂತೆ. ಸಂಘದವರು ಬರೆದುಕೊಟ್ಟ ಅರ್ಜಿಯಲ್ಲಿ, ಓದು ಬಲ್ಲವರೊಬ್ಬರು ರುಜು ಹಾಕೆಂದು ಹೇಳಿದುದರಿಂದ ಎಂದು ಕಾರಣ ನಮೂದಾಗಿದೆ. ಬರುವ ತಿಂಗಳು ವಿಚಾರಣೆ. ಆ ಓದು ಬಲ್ಲವನು ನಾನೇ ಎಂದು ಹೇಳಲು ಹೋಗಬೇಕಾಗಿದೆ.